ಕಿವಿಗೆಂದೇ ಬರೆದ ನಾಟಕ: ಲಿಮರಿಕ್‌ನಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ನಾನು ಸಾಗರದ ಕಡೆಯವಳು. 6 ವರ್ಷದಿಂದ ಐರ್ಲೆಂಡ್‌ನ ಲಿಮರಿಕ್‌ನಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿ ಮುಗಿಸಿ ಕಾರಿನಲ್ಲಿ ಮನೆಗೆ ಬರುವಾಗ ಇಲ್ಲಿನ ರೇಡಿಯೊ ನಾಟಕ ಕೇಳುವುದು ಅಭ್ಯಾಸವಾಗಿದೆ. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಕೂತು ಆಕಾಶವಾಣಿ ನಾಟಕ ಕೇಳುತ್ತಿದ್ದೆ. ಅದೇ ಸೆಳೆತ ಇರಬೇಕು. ಮೊನ್ನೆ ನಮ್ಮ ವಾರ್ಡಿನ ಐರಿಷ್ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. ಅವರು, "ನಮ್ಮದೇ ಅಂತ ರೇಡಿಯೊ ನಾಟಕ ಎಲ್ಲಿದೆ? ಕಾದಂಬರಿ ಓದಿದ್ದು, ಇಲ್ಲ ರಂಗದ ನಾಟಕವನ್ನು ಮೈಕ್ ಮುಂದೆ ಆಡಿದ್ದು. ಒಳ್ಳೆಯದೆಲ್ಲ ಬಿಬಿಸಿಯದ್ದು, ಹಳೆಯದೆಲ್ಲ ಅಳಿಸಿ ಹೋಯ್ತು" ಅಂದುಬಿಟ್ಟರು. ಇದು ನಿಜವೇ? ಇನ್ನೊಂದು, ಎಷ್ಟು ವರ್ಷ ಇಲ್ಲಿದ್ದರೂ ನಾಟಕದ ಅರ್ಧ ಮಾತು ನನಗೆ ತಿಳಿಯುವುದಿಲ್ಲ. ನನ್ನ ಇಂಗ್ಲಿಷೇ ಸಾಲದಾ? ನಮ್ಮ ಕನ್ನಡದ ಗೆಳೆಯರು ಐರಿಷ್ ನಾಟಕಕಾರ ಬೆಕೆಟ್‌ನ ರೇಡಿಯೊ ನಾಟಕವೊಂದನ್ನು ಕನ್ನಡಕ್ಕೆ ತಂದು ದೀಪಾವಳಿ ಕಾರ್ಯಕ್ರಮದಲ್ಲಿ ಆಡೋಣ ಅನ್ನುತ್ತಿದ್ದಾರೆ, ಆಡಬಹುದಾ? ಕೊನೆಯದು ಕೇಳಲು ಸಂಕೋಚ. ನನಗೂ ಒಂದು ನಾಟಕ ಬರೆಯುವ ಆಸೆ. ಲಿಮರಿಕ್‌ನ ಮಗಳು, ಸಾಗರದ ಅಪ್ಪ, ಫೋನು. ಅಪ್ಪನಿಗೆ ಕಿವಿ ಮಂದ, ಇಂಗ್ಲಿಷ್ ಬಾರದು. ಅವರ ಮಾತು ಕನ್ನಡದಲ್ಲೇ ಇದ್ದರೆ ಇಲ್ಲಿನವರು ಕೇಳುತ್ತಾರಾ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ನಾಲ್ಕರ ಅಡಿಯಲ್ಲೂ ಒಂದೇ ಅಳುಕು ಇದ್ದಂತಿದೆ. ನಾನು ಮನಸ್ಸು ಕೊಟ್ಟಿರುವುದು ನಿಜವಾದ ಒಂದು ಕಲೆಗೋ, ಇನ್ಯಾವುದರದ್ದೋ ನಕಲಿಗೋ? ಹೊರಗಿನಿಂದ ಬಂದ ನನಗೆ ಅದರಲ್ಲಿ ಜಾಗ ಇದೆಯೋ ಇಲ್ಲವೋ? ನಾನು 20 ವರ್ಷಕ್ಕೂ ಜಾಸ್ತಿ ರೇಡಿಯೊ ನಾಟಕ ಮಾಡಿಸಿದ್ದೇನೆ. ಹೊಸಬರಿಗೆ ಪಾಠ ಹೇಳುವಾಗ ಐರಿಷ್ ನಾಟಕಗಳನ್ನೇ ಮುಂದಿಟ್ಟುಕೊಳ್ಳುತ್ತೇನೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ಕಲೆ ನಿಜ, ಜಾಗವೂ ಇದೆ. ಹೇಗೆ ಅನ್ನುವುದನ್ನು ನೋಡೋಣ.

ಆ ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ. 1982ರ ಜೂನ್ 16ರಂದು, ಜೇಮ್ಸ್ ಜಾಯ್ಸ್ ಹುಟ್ಟಿ 100 ವರ್ಷ ತುಂಬಿದ ನೆನಪಿಗೆ, ಐರ್ಲೆಂಡ್‌ನ ಆರ್‌ಟಿಇ ರೇಡಿಯೊ ಅವರ 'ಯುಲಿಸಿಸ್' ಕಾದಂಬರಿಯನ್ನು ಇಡಿಯಾಗಿ, ನಿಲ್ಲಿಸದೆ, ಹೆಚ್ಚುಕಡಿಮೆ 30 ಗಂಟೆ ಪ್ರಸಾರ ಮಾಡಿತು. ಅದನ್ನು ಕೇಳಿದ ತಲೆಮಾರಿಗೆ ಐರಿಷ್ ರೇಡಿಯೊ ನಾಟಕ ಎಂದರೆ ಅದೇ ನೆನಪಾದರೆ ತಪ್ಪಿಲ್ಲ. 1961ರಲ್ಲಿ ಅವರ ರೇಡಿಯೊಗೆ ಪ್ರಿ ಇಟಾಲಿಯಾ ಎಂಬ ದೊಡ್ಡ ಅಂತರರಾಷ್ಟ್ರೀಯ ಬಹುಮಾನ ಬಂತು. ಬಂದಿದ್ದು 'ದಿ ವೀವರ್ಸ್ ಗ್ರೇವ್' ನಾಟಕಕ್ಕೆ. ಅದೂ ಶೇಮಸ್ ಓಕೆಲ್ಲಿ ಬರೆದ ಕಥೆಯ ರೂಪಾಂತರವೇ. ಸತ್ತ ನೇಕಾರನ ಕುಟುಂಬದ ಸಮಾಧಿ ಹಳೆಯ ಸ್ಮಶಾನದಲ್ಲಿ ಎಲ್ಲಿದೆ ಅಂತ ಇಬ್ಬರು ಮುದುಕರು ಜಗಳವಾಡುತ್ತ ಹುಡುಕುತ್ತಾರೆ, ನೇಕಾರನ ಹೆಂಡತಿ ಸುಮ್ನೆ ಕಾಯುತ್ತಾಳೆ. ಚೆಂದದ ಕೆಲಸ. ರೂಪಾಂತರವನ್ನು ನಾನು ಕೀಳಾಗಿ ನೋಡುವವನಲ್ಲ. ಆದರೆ ನಿಮ್ಮ ಪ್ರಶ್ನೆ ಮೂಲ ನಾಟಕದ್ದು.

ಮೂಲ ರೇಡಿಯೊ ನಾಟಕವನ್ನು ಗುರುತಿಸಲು ನಾನು ಒಂದೇ ಪರೀಕ್ಷೆ ಹಚ್ಚುತ್ತೇನೆ. ಅದನ್ನು ಎತ್ತಿ ವೇದಿಕೆ ಮೇಲಿಟ್ಟು ದೀಪ ಹಾಕಿ. ಏನಾದರೂ ಸತ್ತುಹೋಯಿತಾ? ಸತ್ತರೆ ಅದು ರೇಡಿಯೊದ್ದೇ. ಏನೂ ಆಗಲಿಲ್ಲ ಅಂದರೆ ಅದು ರಂಗದ ನಾಟಕ, ಸುಮ್ನೆ ಮೈಕ್ ಮುಂದೆ ಬಂದು ನಿಂತಿದೆ.

ಸ್ಯಾಮ್ಯುಯೆಲ್ ಬೆಕೆಟ್‌ನ 'ಆಲ್ ದಟ್ ಫಾಲ್' ಅನ್ನು ಈ ಪರೀಕ್ಷೆಗೆ ಇಟ್ಟು ನೋಡಿ. 1956ರಲ್ಲಿ ಬಿಬಿಸಿ ಅವರನ್ನು ರೇಡಿಯೊಗೆ ಒಂದು ನಾಟಕ ಕೇಳಿತು. ಆಗ ಅವರು ಪ್ಯಾರಿಸ್‌ನಲ್ಲಿದ್ದರು. ಅಷ್ಟು ವರ್ಷ ಹೆಚ್ಚಾಗಿ ಫ್ರೆಂಚ್‌ನಲ್ಲೇ ಬರೆಯುತ್ತಿದ್ದವರು. ಗೆಳತಿ ನ್ಯಾನ್ಸಿ ಕ್ಯುನಾರ್ಡ್‌ಗೆ ಬರೆದ ಪತ್ರದಲ್ಲಿ, ರೇಡಿಯೊ ನಾಟಕದ ತಂತ್ರದ ಬಗ್ಗೆ ತಾನು ಯೋಚಿಸಿದವನೇ ಅಲ್ಲ, ಆದರೆ ಒಂದು ನಡುರಾತ್ರಿ ಗಾಡಿಯ ಚಕ್ರ, ಎಳೆದೆಳೆದು ಇಡುವ ಹೆಜ್ಜೆ, ಏದುಸಿರು ತುಂಬಿದ ಯೋಚನೆಯೊಂದು ಬಂತು ಎಂದಿದ್ದಾರೆ. ಇದನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಅವರಿಗೆ ಮೊದಲು ಹೊಳೆದಿದ್ದು ಕಥೆಯಲ್ಲ, ಪಾತ್ರವೂ ಅಲ್ಲ. ಸದ್ದು.

ಕಥೆ ಇಷ್ಟೇ. ಮ್ಯಾಡಿ ರೂನಿ ಎಂಬ ದಪ್ಪ ಮೈಯ, ಕಾಯಿಲೆಯ ಮುದುಕಿ ಕುರುಡ ಗಂಡನನ್ನು ಕರೆತರಲು ರೈಲು ನಿಲ್ದಾಣಕ್ಕೆ ಕಾಲೆಳೆದುಕೊಂಡು ಹೋಗುತ್ತಾಳೆ. ದಾರಿಯಲ್ಲಿ ಒಬ್ಬೊಬ್ಬರೇ ಸಿಗುತ್ತಾರೆ. ರೈಲು ತಡವಾಗಿ ಬರುತ್ತದೆ. ಯಾಕೆ ತಡ ಅಂತ ಗಂಡ ಬಾಯಿ ಬಿಡುವುದಿಲ್ಲ. ಇಬ್ಬರೂ ಮನೆ ಕಡೆ ನಡೆಯುತ್ತಾರೆ. ಕೊನೆಗೆ ಒಬ್ಬ ಹುಡುಗ ಓಡಿ ಬಂದು, ಒಂದು ಮಗು ರೈಲಿನಡಿ ಬಿತ್ತು ಅನ್ನುತ್ತಾನೆ. ಆಮೇಲೆ ಹೆಜ್ಜೆ, ಗಾಳಿ, ಮಳೆ. ಗಂಡನಿಗೂ ಆ ಸಾವಿಗೂ ಏನಾದರೂ ನಂಟಿದೆಯಾ? ನಾಟಕ ಹೇಳುವುದಿಲ್ಲ. ವೇದಿಕೆ ಮೇಲಾದರೆ ನಾವು ಅವನ ಮುಖ ನೋಡಿ ಏನೋ ಒಂದು ತೀರ್ಮಾನಕ್ಕೆ ಬಂದುಬಿಡುತ್ತೇವೆ. ಕತ್ತಲಲ್ಲಿ ಕೇಳುವವನಿಗೆ ಆ ಮುಖ ಇಲ್ಲ. ಅವನೂ ಆ ಗಂಡನ ಹಾಗೆ ಕುರುಡನೇ.

ನಡುವೆ ಒಂದು ಜಾಗವಿದೆ. ನಿಲ್ದಾಣದಲ್ಲಿ ಉಳಿದವರೆಲ್ಲ ಮಾತಾಡುತ್ತಿರುತ್ತಾರೆ, ಮ್ಯಾಡಿ ಸುಮ್ಮನಿರುತ್ತಾಳೆ. ಕೇಳುವ ನಾವು ಅವಳನ್ನು ಮರೆತೇ ಬಿಡುತ್ತೇವೆ. ಆಗ ಅವಳು, ನಾನು ಮಾತಾಡದಿದ್ದರೆ ಇಲ್ಲಿ ಇಲ್ಲ ಅಂದುಕೊಳ್ಳಬೇಡಿ ಎಂಬ ಅರ್ಥದ ಮಾತು ಆಡುತ್ತಾಳೆ. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ರೇಡಿಯೊದಲ್ಲಿ ಸುಮ್ಮನಿರುವವರು ಇಲ್ಲವೇ ಇಲ್ಲ. ಅದು ಈ ಮಾಧ್ಯಮದ ಕೊರತೆ. ಆ ಕೊರತೆಯನ್ನೇ ಬೆಕೆಟ್ ಒಬ್ಬ ಒಂಟಿ ಮುದುಕಿಯ ಗೋಳು ಮಾಡಿದರು. ಊರಿನಲ್ಲಿ ಯಾರೂ ಲೆಕ್ಕಕ್ಕೆ ಇಡದ ಹೆಂಗಸು, ಬಾಯಿ ಮುಚ್ಚಿದರೆ ನಿಜವಾಗಿಯೂ ಮಾಯವಾಗುವ ಹೆಂಗಸು. ಇದನ್ನು ಬೇರೆ ಎಲ್ಲಿ ಮಾಡಲು ಸಾಧ್ಯ ಹೇಳಿ?

ಎರಡು ವರ್ಷದ ನಂತರ ಬಂದ 'ಎಂಬರ್ಸ್' ಇನ್ನೂ ಮುಂದೆ ಹೋಗುತ್ತದೆ. ಹೆನ್ರಿ ಎಂಬುವನು ಸಮುದ್ರದ ದಂಡೆಯಲ್ಲಿ ಕೂತಿದ್ದಾನೆ. ಅವನು ನಡೆದಾಗ, ಕೂತಾಗ ಬೆಣಚುಕಲ್ಲು ಸರಿದಾಡುವ ಸದ್ದು ಬರುತ್ತದೆ. ಅವನ ಹೆಂಡತಿ ಏಡಾ ಬಂದು ಪಕ್ಕದಲ್ಲಿ ಕೂರುತ್ತಾಳೆ. ಸದ್ದಿಲ್ಲ. ಕೂತಾಗ ಸದ್ದು ಬರಬಾರದು ಎಂದು ಬೆಕೆಟ್ ಬರೆದೇ ಇಟ್ಟಿದ್ದಾರೆ. ಕಲ್ಲು ಕದಲಲಿಲ್ಲ ಅನ್ನುವುದರಿಂದಲೇ ನಮ್ಮ ಕಿವಿಗೆ ಗುಮಾನಿ ಹುಟ್ಟುತ್ತದೆ, ಇವಳು ನಿಜವಾಗಿ ಬಂದಳಾ, ಅವನ ತಲೆಯೊಳಗಿನ ದನಿಯಾ? ಬಾರದ ಒಂದು ಸದ್ದಿನಿಂದ ಇಷ್ಟು ದೊಡ್ಡ ಮಾತು! 1959ರ ಪ್ರಿ ಇಟಾಲಿಯಾದಲ್ಲಿ ಇದಕ್ಕೂ ಬಹುಮಾನ ಬಂತು.

ಈಗ ನಿಮ್ಮ ಹಿರಿಯರು ಕೇಳಬಹುದು, ಇವೆರಡೂ ಬಿಬಿಸಿಯವೇ ತಾನೆ? ಹೌದು. 'ಆಲ್ ದಟ್ ಫಾಲ್' 1957ರ ಜನವರಿ 13ರಂದು ಬಿಬಿಸಿಯ ಥರ್ಡ್ ಪ್ರೋಗ್ರಾಮ್ ಎಂಬ ನಿಲಯದಲ್ಲಿ ಪ್ರಸಾರವಾಯಿತು. ನಿರ್ದೇಶಕ ಡೊನಾಲ್ಡ್ ಮ್ಯಾಕ್‌ವಿನ್ನಿ. ಆದರೆ ಆ ರಸ್ತೆ, ಆ ನಿಲ್ದಾಣ, ಆ ಮಾತಿನ ಓಟ ಎಲ್ಲಿಯದು? ಡಬ್ಲಿನ್ ಪಕ್ಕದ ಫಾಕ್ಸ್‌ರಾಕ್‌ನದು, ಬೆಕೆಟ್ ಬೆಳೆದ ಊರಿನದು. ಆ ಊರಿನ ರೈಲು ಹಾದಿ 1958ರ ಕೊನೆಯ ದಿನ ಮುಚ್ಚಿತು. ನಾಟಕ ಬಂದು ಎರಡು ವರ್ಷವೂ ಆಗಿರಲಿಲ್ಲ. ಊರಿಗೆ ಬಾರದ ರೈಲು ನಾಟಕದಲ್ಲಿ ಈಗಲೂ ತಡವಾಗಿ ಬರುತ್ತಲೇ ಇದೆ. ದುಡ್ಡು ಕೊಟ್ಟವರು ಲಂಡನ್‌ನವರು ಅಂತ ಅದನ್ನು ಇಂಗ್ಲಿಷರ ನಾಟಕ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಬರಹಗಾರರು ಯಾಕೆ ಆ ಕಡೆ ಹೋದರು ಅನ್ನುವುದಕ್ಕೆ ಕಾರಣಗಳಿವೆ. ಐರ್ಲೆಂಡ್‌ನ ರೇಡಿಯೊ 1926ರ ಜನವರಿ 1ರಂದು 2ಆರ್‌ಎನ್ ಎಂಬ ಹೆಸರಿನಲ್ಲಿ ಡಬ್ಲಿನ್‌ನಲ್ಲಿ ಶುರುವಾದಾಗ ಅದರ ಶಕ್ತಿ ಬರೀ 1.5 ಕಿಲೋವ್ಯಾಟ್. ಲಿಮರಿಕ್‌ನಂಥ ಊರಿಗೆ ಅದು ಸರಿಯಾಗಿ ತಲುಪುವುದೇ ಕಷ್ಟ. 1932ರಲ್ಲಿ ಅಥ್ಲೋನ್‌ನಲ್ಲಿ ದೊಡ್ಡ ಟ್ರಾನ್ಸ್‌ಮಿಟರ್ ಬಂದ ಮೇಲೆಯೇ ದೇಶಕ್ಕೆಲ್ಲ ಕೇಳಿಸಿದ್ದು. ಇನ್ನೊಂದು ಸಂಗತಿ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. 1960ರವರೆಗೆ ಈ ರೇಡಿಯೊ (ಮುಂದೆ ಅದರ ಹೆಸರು ರೇಡಿಯೊ ಏರನ್, ಆಮೇಲೆ ಆರ್‌ಟಿಇ) ಅಂಚೆ ತಂತಿ ಇಲಾಖೆಯ ಕೈಕೆಳಗೆ ಇತ್ತು. ಸ್ಟುಡಿಯೊ ಇದ್ದಿದ್ದೂ ಡಬ್ಲಿನ್‌ನ ದೊಡ್ಡ ಅಂಚೆ ಕಚೇರಿಯ ಕಟ್ಟಡದಲ್ಲೇ. ಸರ್ಕಾರಿ ಇಲಾಖೆಯ ಒಳಗೆ ಕೂತು ನಾಟಕ ಮಾಡುವುದು ಎಂಥದ್ದು ಅಂತ ನಮ್ಮ ಆಕಾಶವಾಣಿಯವರನ್ನು ಕೇಳಿ. ಹಣ ಕಡಿಮೆ, ಕೈ ಕಟ್ಟು ಜಾಸ್ತಿ. ಜೊತೆಗೆ ಚರ್ಚಿನ ಬಿಗಿ ಬೇರೆ. 1958ರಲ್ಲಿ ಡಬ್ಲಿನ್ ರಂಗೋತ್ಸವದ ಕೆಲವು ನಾಟಕಗಳ ಬಗ್ಗೆ ಆರ್ಚ್‌ಬಿಷಪ್ ಮುನಿಸಿಕೊಂಡರು. ಆ ನಾಟಕಗಳು ನಿಂತವು. ಅದನ್ನು ಪ್ರತಿಭಟಿಸಿ ಬೆಕೆಟ್ ತಮ್ಮ ಕೃತಿಗಳನ್ನೂ ವಾಪಸ್ ಪಡೆದರು. ಇಂಥ ಕಡೆ ಒಬ್ಬ ಬರಹಗಾರ ಮೈಚಾಚಿ ಬರೆಯುವುದು ಸುಲಭವಾ?

ಆದರೂ ಡಬ್ಲಿನ್‌ನಲ್ಲಿ ಏನೂ ಆಗಲಿಲ್ಲ ಅನ್ನುವುದು ತಪ್ಪು. 1947ರಲ್ಲಿ ರೇಡಿಯೊ ಏರನ್ ತನ್ನದೇ ನಟನಟಿಯರ ತಂಡ ಕಟ್ಟಿತು. ಸಂಬಳ ಕೊಟ್ಟು ಇಟ್ಟುಕೊಂಡ ತಂಡ. ವಾರವಾರವೂ ನಾಟಕ. ಪಾಡ್ರಿಕ್ ಫ್ಯಾಲನ್ ಎಂಬ ಕವಿ ಈ ತಂಡಕ್ಕಾಗಿ ಹಳೆಯ ಐರಿಷ್ ಕಥೆಗಳನ್ನು ಪದ್ಯನಾಟಕ ಮಾಡಿದರು. ಕಥೆ ಹಳತು ಸರಿ, ಆದರೆ ಆ ಪದ್ಯ ಹುಟ್ಟಿದ್ದು ಮೈಕ್‌ಗಾಗಿಯೇ, ಹಾಗಾಗಿ ಅವನ್ನು ಮೂಲ ನಾಟಕದ ಸಾಲಿಗೇ ಸೇರಿಸುತ್ತೇನೆ. ಬ್ರೆಂಡನ್ ಬೀಹನ್ 1952ರಲ್ಲಿ ರೇಡಿಯೊಗೆಂದೇ 'ಮೂವಿಂಗ್ ಔಟ್' ಬರೆದರು. ಡಬ್ಲಿನ್‌ನ ಹಳೇ ವಠಾರ ಬಿಟ್ಟು ಊರಾಚೆಯ ಹೊಸ ಸರ್ಕಾರಿ ಮನೆಗೆ ಹೋಗುವ ಸಂಸಾರದ ಕಥೆ. ಬೀಹನ್ ಮನೆಯವರೂ ಹಾಗೇ ವಠಾರ ಬಿಟ್ಟವರು. ಆಗಿನ್ನೂ ಅವರು ಲೋಕಕ್ಕೆ ಗೊತ್ತಿರಲಿಲ್ಲ, ಅವರನ್ನು ಪ್ರಸಿದ್ಧರನ್ನಾಗಿ ಮಾಡಿದ ರಂಗನಾಟಕಗಳು ಬಂದಿದ್ದು ಆಮೇಲೆ. ಇನ್ನು 1955ರಿಂದ 1973ರವರೆಗೆ ನಡೆದ 'ದಿ ಕೆನೆಡೀಸ್ ಆಫ್ ಕಾಸಲ್‌ರಾಸ್' ಎಂಬ ಧಾರಾವಾಹಿ. ಚಾಕೊಲೇಟ್ ಕಂಪನಿಯ ಪ್ರಾಯೋಜಕತ್ವ, ಮಧ್ಯಾಹ್ನದ ಊಟದ ಹೊತ್ತಿಗೆ ಪ್ರಸಾರ. ಮುಂದೆ ಹೆಸರಾಂತ ನಾಟಕಕಾರರಾದ ಹ್ಯೂ ಲೆನರ್ಡ್ ಇದಕ್ಕೆ ಕಂತುಗಳನ್ನು ಬರೆದಿದ್ದಾರೆ. ನಿಮ್ಮ ಹಿರಿಯರನ್ನು ಮತ್ತೆ ಮಾತಿಗೆ ಎಳೆಯಬೇಕು ಅಂದರೆ ಈ ಹೆಸರು ಹೇಳಿ ನೋಡಿ. ಅವರ ಅಮ್ಮ ಅದನ್ನು ಕೇಳುತ್ತಿದ್ದಿರಬಹುದು.

ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್ ಕಡೆಯೂ ಒಂದು ಮಾತು. ಬ್ರಯನ್ ಫ್ರೀಲ್ ಇವತ್ತು ಜಗತ್ತಿಗೆ ರಂಗನಾಟಕಕಾರ. ಅವರ ಮೊದಲ ಎರಡು ನಾಟಕಗಳು ಬೆಲ್‌ಫಾಸ್ಟ್‌ನ ಬಿಬಿಸಿಗೆ ಬರೆದ ರೇಡಿಯೊ ನಾಟಕಗಳು, 1958ರಲ್ಲಿ ಬಂದವು. ಆಗ ಅವರು ಡೆರಿಯಲ್ಲಿ ಶಾಲೆ ಮೇಷ್ಟ್ರು. ನೌಕರಿ ಮಾಡಿಕೊಂಡು ಬರೆಯುತ್ತಿದ್ದರು. ಪಾಳಿ ಮುಗಿಸಿ ಬರೆಯಲು ಕೂರುವ ನಿಮಗೆ ಇದು ಗೊತ್ತಿರಲಿ.

ಅದೇ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ ಲೂಯಿ ಮ್ಯಾಕ್‌ನೀಸ್ ಬಿಬಿಸಿಯಲ್ಲಿ 20 ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದರು. 1946ರ ಅವರ 'ದಿ ಡಾರ್ಕ್ ಟವರ್'ಗೆ ಸಂಗೀತ ಬೆಂಜಮಿನ್ ಬ್ರಿಟನ್‌ರದು. ಒಂದು ಮನೆಯ ಗಂಡುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಗೋಪುರದ ಕಡೆ ಹೋಗಿ ವಾಪಸ್ ಬರುವುದಿಲ್ಲ, ಅವರಲ್ಲಿ ಒಬ್ಬನಿಗೆ ಕಹಳೆ ಊದುವುದನ್ನು ಕಲಿಸುವುದರಿಂದ ನಾಟಕ ಶುರು. ಮರುವರ್ಷ ಅವರು ಬಿಬಿಸಿ ಪರವಾಗಿ ನಮ್ಮ ದೇಶಕ್ಕೆ ಬಂದಿದ್ದರು, ಸ್ವಾತಂತ್ರ್ಯವನ್ನೂ ವಿಭಜನೆಯನ್ನೂ ಕಣ್ಣಾರೆ ಕಂಡರು. 1963ರ ಆಗಸ್ಟ್‌ನಲ್ಲಿ ಹೊಸ ನಾಟಕಕ್ಕೆ ಗುಹೆಯ ಸದ್ದು ಬೇಕು ಅಂತ ಯಾರ್ಕ್‌ಷೈರ್‌ನ ಗುಹೆಗೆ ಇಳಿದರು. ಸ್ಟುಡಿಯೊದಲ್ಲಿ ಕೂತು ಹುಟ್ಟಿಸಬಹುದಾದ ಪ್ರತಿಧ್ವನಿ ಅವರಿಗೆ ಸಾಕಾಗಲಿಲ್ಲ. ಬರುವಾಗ ಮಳೆಗೆ ಸಿಕ್ಕಿ, ಒದ್ದೆ ಬಟ್ಟೆಯಲ್ಲೇ ಇದ್ದು ಕಾಯಿಲೆ ಬಿದ್ದರು. ಅದು ನ್ಯುಮೋನಿಯಾಕ್ಕೆ ತಿರುಗಿತು. ಆಗಸ್ಟ್ 30ಕ್ಕೆ ನಾಟಕ ಪ್ರಸಾರವಾಯಿತು. ಸೆಪ್ಟೆಂಬರ್ 3ಕ್ಕೆ ಅವರು ತೀರಿಕೊಂಡರು, 55 ವರ್ಷಕ್ಕೆ. ಈ ಕೆಲಸವನ್ನು ಎರಡನೇ ದರ್ಜೆಯದು ಅನ್ನುವವರ ಮುಂದೆ ನನಗೆ ನೆನಪಾಗುವುದು ಆ ಗುಹೆಯೇ.

ಎಲ್ಲ ಅಳಿಸಿ ಹೋಯ್ತು ಅನ್ನುವ ಮಾತಿಗೆ ಬರುತ್ತೇನೆ. ಮೊದಮೊದಲ ನಾಟಕಗಳು ನೇರ ಪ್ರಸಾರ. ಆ ರಾತ್ರಿ ಕೇಳಿದವರು ಕೇಳಿದರು, ಅಷ್ಟೇ. ರೆಕಾರ್ಡಿಂಗ್ ಬಂದ ಮೇಲೂ ಅಸಿಟೇಟ್ ತಟ್ಟೆಗಳು ಬೇಗ ಸವೆಯುತ್ತಿದ್ದವು. ಟೇಪ್ ಬಂದಾಗ ಅದು ದುಬಾರಿ, ಮೇಲೆ ಮೇಲೆ ಅಳಿಸಿ ಬಳಸುವುದು ಎಲ್ಲ ದೇಶದ ರೇಡಿಯೊದಲ್ಲೂ ಇದ್ದ ರೂಢಿ. ನಾನೂ ನನ್ನ ಕೈಯಾರೆ ಸ್ಪೂಲ್ ಟೇಪ್ ಅಳಿಸಿದ್ದೇನೆ. ಆ ದಿನ ಹಾಗೆ ಮಾಡದೆ ಬೇರೆ ದಾರಿ ಇರಲಿಲ್ಲ, ಆದರೂ ಈಗ ನೋವಾಗುತ್ತದೆ. ಆದರೆ ದನಿ ಹೋದರೂ ಎಷ್ಟೋ ಹಸ್ತಪ್ರತಿ ಉಳಿದಿವೆ. ಆಮೇಲಿನ ರೆಕಾರ್ಡಿಂಗ್‌ಗಳು ಸಾಕಷ್ಟಿವೆ. ಆರ್‌ಟಿಇಯ 'ಡ್ರಾಮಾ ಆನ್ ಒನ್' ಹೆಸರಿನಲ್ಲಿ ಹಳತು ಹೊಸತು ಎರಡನ್ನೂ ಪುಕ್ಕಟೆ ಕೇಳಬಹುದು. ಇದಲ್ಲದೆ ಟಿವಿ ಲೈಸೆನ್ಸ್ ಹಣದಲ್ಲಿ ನೂರಕ್ಕೆ 7ರಷ್ಟು ಪಾಲನ್ನು 'ಸೌಂಡ್ ಅಂಡ್ ವಿಷನ್' ಎಂಬ ಯೋಜನೆಗೆ ಎತ್ತಿಡುವ ವ್ಯವಸ್ಥೆ ಅಲ್ಲಿದೆ. ಅದರಿಂದ ಸಣ್ಣ ಸಮುದಾಯ ರೇಡಿಯೊಗಳಲ್ಲೂ ಹೊಸ ನಾಟಕ ತಯಾರಾಗುತ್ತದೆ.

ನಿಮ್ಮ ಇಂಗ್ಲಿಷ್ ಬಗ್ಗೆ. ಅದು ಸಾಲದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಾರ್ಡಿನಲ್ಲಿ ರೋಗಿಯ ಮಾತು ತಿಳಿಯುವ ನಿಮಗೆ ನಾಟಕ ತಿಳಿಯುವುದಿಲ್ಲ ಅಂದರೆ ಕಾರಣ ಬೇರೆ. ರೋಗಿಯ ಮುಖ ನೋಡುತ್ತೀರಿ, ತುಟಿ ನೋಡುತ್ತೀರಿ, ಕೈ ಎಲ್ಲಿ ಒತ್ತಿಕೊಂಡಿದೆ ನೋಡುತ್ತೀರಿ. ರೇಡಿಯೊದಲ್ಲಿ ಅದೆಲ್ಲ ಇಲ್ಲ. ಅದರ ಮೇಲೆ ರಾತ್ರಿಯಿಡೀ ನಿದ್ದೆಗೆಟ್ಟು, ಕಣ್ಣು ರಸ್ತೆ ಮೇಲಿಟ್ಟು ಕೇಳುತ್ತಿದ್ದೀರಿ. ಯಾರಿಗಾದರೂ ಅರ್ಧ ತಪ್ಪಿಹೋಗುತ್ತದೆ.

ಇನ್ನು ಆ ಇಂಗ್ಲಿಷಿನ ಮೈಯೊಳಗೆ ಐರಿಷ್ ಭಾಷೆ ಇದೆ. "ಐಮ್ ಆಫ್ಟರ್ ಈಟಿಂಗ್" ಅಂದರೆ ಊಟ ಬೇಕು ಅಂತಲ್ಲ, ಈಗಷ್ಟೇ ಉಂಡೆ ಅಂತ. "ಗಿವಿಂಗ್ ಔಟ್" ಅಂದರೆ ಬೈಯುವುದು. "ಪ್ರೆಸ್" ಅಂದರೆ ಕಪಾಟು. ಹೆಂಡತಿ "ಹಿಮ್‌ಸೆಲ್ಫ್" ಅಂದರೆ ಮನೆಯ ಯಜಮಾನರು. ನಮ್ಮ ಹಳ್ಳಿಯ ಹೆಂಗಸರು ಗಂಡನ ಹೆಸರು ಹೇಳದೆ "ನಮ್ಮನೆಯವರು" ಅನ್ನುತ್ತಾರಲ್ಲ, ಹಾಗೆ. ಇವೆಲ್ಲ ನಿಮಗೆ ದಿನಾ ಕಿವಿಗೆ ಬಿದ್ದಿರುತ್ತವೆ. ನಾಟಕದಲ್ಲಿ ಒಂದೇ ಉಸಿರಿಗೆ ನಾಲ್ಕು ಬಂದಾಗ ತಡವರಿಸುತ್ತೀರಿ, ಅಷ್ಟೇ. ಒಂದು ನಾಟಕವನ್ನು ರಜಾ ದಿನ, ದೀಪ ಆರಿಸಿ, ಹೆಡ್‌ಫೋನ್ ಹಾಕಿ ಕೇಳಿ. ವಾರ ಬಿಟ್ಟು ಅದನ್ನೇ ಮತ್ತೆ ಕೇಳಿ. ಜಾಸ್ತಿ ಪಾತ್ರಗಳಿರುವುದು ಈಗ ಬೇಡ. ಒಬ್ಬರೇ ಮಾತಾಡುವ, ಇಲ್ಲ ಇಬ್ಬರೇ ಇರುವ ನಾಟಕ ಆರಿಸಿ. 'ಆಲ್ ದಟ್ ಫಾಲ್'ನ ಪಠ್ಯ ಪುಸ್ತಕವಾಗಿ ಸಿಗುತ್ತದೆ. ಆದರೆ ಮೊದಲು ಕೇಳಿ, ಆಮೇಲೆ ಓದಿ. ಮೊದಲೇ ಓದಿದರೆ ಆ ಮಗುವಿನ ಸುದ್ದಿ ಕಿವಿಗೆ ಬೀಳುವ ಕ್ಷಣ ನಿಮ್ಮಿಂದ ತಪ್ಪಿಹೋಗುತ್ತದೆ.

ದೀಪಾವಳಿಗೆ ಬೆಕೆಟ್ ಆಡುವ ವಿಚಾರದಲ್ಲಿ ಸ್ವಲ್ಪ ನಿಧಾನಿಸಿ. ಪುಕ್ಕಟೆ ಕೇಳಬಹುದು ಅಂದರೆ ಪುಕ್ಕಟೆ ಆಡಬಹುದು ಅಂತಲ್ಲ. ಬೆಕೆಟ್ ತೀರಿಕೊಂಡಿದ್ದು 1989ರಲ್ಲಿ. ಐರ್ಲೆಂಡ್‌ನಲ್ಲಿ ಹಕ್ಕು ಬರಹಗಾರ ಸತ್ತು 70 ವರ್ಷ ಇರುತ್ತದೆ. ಅಂದರೆ 2059ರ ಕೊನೆವರೆಗೆ. ಭಾರತದಲ್ಲಿ ಅದು 60 ವರ್ಷ. ಅನುವಾದಕ್ಕೆ ಒಂದು ಅನುಮತಿ, ಆಡುವುದಕ್ಕೆ ಇನ್ನೊಂದು, ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿದರೆ ಮತ್ತೊಂದು. ಸಂಘದ ಕಾರ್ಯಕ್ರಮ, ಟಿಕೆಟ್ ಇಲ್ಲ ಅನ್ನುವುದು ರಕ್ಷಣೆ ಆಗುವುದಿಲ್ಲ. ಬೆಕೆಟ್‌ರ ಹಕ್ಕುದಾರರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೆಕೆಟ್ ಇದ್ದಾಗಲೂ ಹಾಗೇ ಇತ್ತು. ಹೆಸರಾಂತ ನಟ ಲಾರೆನ್ಸ್ ಒಲಿವಿಯರ್‌ಗೇ 'ಆಲ್ ದಟ್ ಫಾಲ್' ಅನ್ನು ವೇದಿಕೆಗೆ ತರಲು ಅವರು ಬಿಡಲಿಲ್ಲ. ಕತ್ತಲಿಂದ ಬರುವುದೇ ಅದರ ಜೀವ ಅನ್ನುವುದು ಅವರ ನಿಲುವು.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2011ರಲ್ಲಿ ಡಬ್ಲಿನ್‌ನ ಪ್ಯಾನ್ ಪ್ಯಾನ್ ತಂಡ ಪ್ರೇಕ್ಷಕರನ್ನು ತೂಗುಕುರ್ಚಿಗಳಲ್ಲಿ ಕೂರಿಸಿ, ನಟರಿಲ್ಲದೆ, ಸ್ಪೀಕರ್‌ಗಳಿಂದ ಇದೇ ನಾಟಕ ಕೇಳಿಸಿತು. 2012ರಲ್ಲಿ ಲಂಡನ್‌ನಲ್ಲಿ ಐಲೀನ್ ಆಟ್‌ಕಿನ್ಸ್, ಮೈಕೆಲ್ ಗ್ಯಾಂಬನ್ ಆಡಿದಾಗ ನಟರು ರೇಡಿಯೊ ಸ್ಟುಡಿಯೊದಲ್ಲಿ ಇರುವಂತೆ ಕೈಯಲ್ಲಿ ಹಸ್ತಪ್ರತಿ ಹಿಡಿದಿದ್ದರು. ನಿಮ್ಮ ಗೆಳೆಯರಿಗೆ ಹಟ ಇದ್ದರೆ ಒಂದು ವರ್ಷ ಮೊದಲೇ ಬರೆದು ಕೇಳಲಿ, ಓದುವ ರೂಪದಲ್ಲಿ ಕೇಳಲಿ. ಇಲ್ಲ ಅಂದರೂ ಅಂದಾರು, ಆ ಉತ್ತರ ಬರುವವರೆಗೆ ಸಭಾಂಗಣ ಕಾಯ್ದಿರಿಸುವುದು ಬೇಡ. ಮ್ಯಾಕ್‌ನೀಸ್‌ರ ಪಠ್ಯಕ್ಕೆ ಭಾರತದಲ್ಲಿ ಹಕ್ಕಿನ ಅವಧಿ 2023ಕ್ಕೆ ಮುಗಿದಿದೆ. ಆದರೆ ನೀವು ಇರುವ ಐರ್ಲೆಂಡ್‌ನಲ್ಲಿ 2033ರವರೆಗೂ ಇದೆ. ಅದಕ್ಕೆ ಬೆಂಜಮಿನ್ ಬ್ರಿಟನ್ ಕೊಟ್ಟ ಸಂಗೀತದ ಹಕ್ಕು ಎರಡೂ ಕಡೆ ಇದೆ. ನನ್ನನ್ನು ಕೇಳಿದರೆ, ಅಷ್ಟು ಓಡಾಡುವ ಬದಲು ನೀವೇ ಬರೆದದ್ದನ್ನು ಆಡಿ.

ಅದಕ್ಕೇ ಬರುತ್ತೇನೆ. ಪಿ. ಜೆ. ಓಕಾನರ್ ಎಂಬುವರು ಆರ್‌ಟಿಇಯಲ್ಲಿ ನಾಟಕ ಮಾಡಿಸುತ್ತಿದ್ದವರು. ಅವರ ಹೆಸರಿನಲ್ಲಿ 1980ರ ದಶಕದಲ್ಲಿ ರೇಡಿಯೊ ನಾಟಕ ಸ್ಪರ್ಧೆ ಶುರುವಾಯಿತು. ಅದರ ಉದ್ದೇಶವೇ ರೇಡಿಯೊಗೆ ಹೊಸಬರಾದವರನ್ನು ಹುಡುಕುವುದು. ನಾಟಕ ಎಷ್ಟು ಉದ್ದ ಇರಬೇಕು, ಯಾರು ಕಳಿಸಬಹುದು ಅನ್ನುವುದನ್ನು ಆ ವರ್ಷದ ನಿಯಮದಲ್ಲೇ ನೋಡಿ. ಯಾರೋ ಹಳೆಯದನ್ನು ಹೇಳಿದರೆ ನಂಬಬೇಡಿ. ಒಂದು ಎಚ್ಚರ ಮಾತ್ರ. ಬೇರೆ ಎಲ್ಲಾದರೂ ಆಡಿದ ಅಥವಾ ಪ್ರಸಾರ ಮಾಡಿದ ನಾಟಕವನ್ನು ಇಂಥ ಸ್ಪರ್ಧೆಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ದೀಪಾವಳಿಗೆ ಆಡುವುದೋ, ಸ್ಪರ್ಧೆಗೆ ಕಳಿಸುವುದೋ, ಮೊದಲೇ ತೀರ್ಮಾನಿಸಿ.

ನಿಮ್ಮ ವಸ್ತು ಚೆನ್ನಾಗಿದೆ, ಅದರಲ್ಲಿ ಒಂದು ಗುಂಡಿಯೂ ಇದೆ. ಫೋನಿನ ನಾಟಕ ಬರೆಯುವುದು ಸುಲಭ ಅನಿಸುತ್ತದೆ, ಯಾಕೆಂದರೆ ಇಬ್ಬರೂ ಬರೀ ಮಾತಾಡುತ್ತಾರೆ. 10 ನಿಮಿಷಕ್ಕೆ ಕೇಳುವವರು ಬೇಸತ್ತು ಹೋಗುತ್ತಾರೆ. ಫೋನಿನಲ್ಲಿ ಹೇಳದೆ ಉಳಿದದ್ದು ಯಾವುದು, ಅದನ್ನು ಹುಡುಕಿ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ ಅಂತರ. ನೀವು ಪಾಳಿ ಮುಗಿಸಿ ಬೆಳಿಗ್ಗೆ 8ಕ್ಕೆ ಕಾರು ಹತ್ತಿದಾಗ ಸಾಗರದಲ್ಲಿ ಮಧ್ಯಾಹ್ನ ಒಂದೂವರೆ, ಅಪ್ಪ ಊಟಕ್ಕೆ ಕೂತಿರುತ್ತಾರೆ. ತಟ್ಟೆಯ ಸದ್ದು ಕೇಳುತ್ತದೆ. ಒಂದು ದಿನ ತಟ್ಟೆಯ ಸದ್ದು ಕೇಳದಿದ್ದರೆ? ಮಗಳು ನರ್ಸ್. ಅವಳಿಗೆ ಅಪ್ಪನ ಉಸಿರು ಕೇಳಿಯೇ ಗೊತ್ತಾಗಬಹುದು. 'ಎಂಬರ್ಸ್'ನ ಆ ಕದಲದ ಕಲ್ಲಿನ ಹಾಗೆ, ನಿಮ್ಮ ನಾಟಕದ ಜೀವ ಅಲ್ಲಿದೆ ಅನಿಸುತ್ತದೆ.

ಸದ್ದನ್ನು ನಂಬಿ ಮೋಸ ಹೋಗಬೇಡಿ. ಕೆಲಸ ಕಲಿಯುವ ದಿನಗಳಲ್ಲಿ ನಾನು ಮಲೆನಾಡಿನ ಮಳೆಯನ್ನೇ ರೆಕಾರ್ಡ್ ಮಾಡಿ ಒಂದು ನಾಟಕಕ್ಕೆ ಹಾಕಿದ್ದೆ. ಕೇಳಿದ ಕೆಲವರು, ಮನೆಯಲ್ಲಿ ಯಾರೋ ಹಪ್ಪಳ ಕರಿಯುತ್ತಿದ್ದರಲ್ಲ ಎಂದರು. ಕಿವಿಗೆ ಮಳೆಯೂ ಕಾದ ಎಣ್ಣೆಯೂ ಒಂದೇ. ಮೊದಲು ಒಂದು ಮಾತು ಬೇಕು. "ಹಂಚು ಸೋರ್ತಿದೆ ನೋಡೇ" ಅಂತ ಅಪ್ಪ ಅಂದರೆ ಸಾಕು, ಅದು ಮಳೆಯಾಗುತ್ತದೆ. ಮ್ಯಾಕ್‌ವಿನ್ನಿ 'ಆಲ್ ದಟ್ ಫಾಲ್'ನ ಹಸು, ಕುರಿ, ಕೋಳಿಯ ಸದ್ದನ್ನು ಮನುಷ್ಯರ ಬಾಯಲ್ಲೇ ಹೊರಡಿಸಿದರು. ಬೆಕೆಟ್‌ಗೆ ಅದು ಹಿಡಿಸಲಿಲ್ಲ. ಅವರಿಬ್ಬರಲ್ಲಿ ಯಾರು ಸರಿ ಅಂತ ನಾವು ಈಗಲೂ ವಾದ ಮಾಡುತ್ತೇವೆ. ನಾನು ಮ್ಯಾಕ್‌ವಿನ್ನಿ ಕಡೆ. ಅಲ್ಲಿನ ಲೋಕ ಇರುವುದು ಮ್ಯಾಡಿಯ ತಲೆಯೊಳಗೆ, ಅಲ್ಲಿ ನಿಜವಾದ ಹಸುವಿಗೆ ಏನು ಕೆಲಸ?

ಅಪ್ಪನ ಕನ್ನಡ ಹಾಗೇ ಇರಲಿ. ಐರ್ಲೆಂಡ್‌ನ ಕೇಳುಗರು ಎರಡು ಭಾಷೆಯ ನಡುವೆ ಬದುಕಿದವರು. 1972ರಿಂದ ಐರಿಷ್ ಭಾಷೆಗೇ ರೇಡಿಯೊ ನಾ ಗೇಲ್ಟಾಕ್ತಾ ಎಂಬ ಬೇರೆ ನಿಲಯ ಇದೆ. ಅಜ್ಜಿ ಒಂದು ಭಾಷೆಯಲ್ಲಿ ಕರೆದರೆ ಮೊಮ್ಮಗ ಇನ್ನೊಂದರಲ್ಲಿ ಓಗೊಡುವ ಮನೆ ಅವರಿಗೆ ಹೊಸದಲ್ಲ. ಆದರೆ ಅಪ್ಪ ಹೇಳಿದ್ದನ್ನೆಲ್ಲ ಮಗಳು ಇಂಗ್ಲಿಷಿನಲ್ಲಿ ಗಿಳಿಯ ಹಾಗೆ ತಿರುಗಿ ಹೇಳುವಂತೆ ಮಾತ್ರ ಬರೆಯಬೇಡಿ. ಅವರಿಗೆ ಕಿವಿ ಮಂದ ಅಂದಿರಲ್ಲ, ಅದು ನಿಮಗೆ ಸಿಕ್ಕ ವರ. ಅವಳು ಕೂಗಿ ಕೂಗಿ ಹೇಳಬೇಕು, ಕನ್ನಡ ಹೊಳೆಯದೆ ಇಂಗ್ಲಿಷಿಗೆ ಜಾರಬೇಕು, ಅವರು ಇನ್ನೇನೋ ಕೇಳಿಸಿಕೊಂಡು ಉತ್ತರ ಕೊಡಬೇಕು. ಕನ್ನಡ ಬಾರದವರಿಗೂ ಆ ಜಗಳದಲ್ಲೇ ವಿಷಯ ತಿಳಿಯುತ್ತದೆ. ಕನ್ನಡದ ಒಂದು ಮಾತು ಮೂರು ಸಲ ಬರಲಿ, "ಊಟ ಆಯ್ತಾ?" ಅನ್ನುವಂಥದ್ದು. ಮೂರನೇ ಸಲಕ್ಕೆ ಲಿಮರಿಕ್‌ನವರಿಗೂ ಅರ್ಥ ಗೊತ್ತಿರುತ್ತದೆ.

ಮೊದಲ 5 ಪುಟ ಆದಾಗ ಆ ವಾರ್ಡಿನ ಹಿರಿಯರ ಹತ್ತಿರ ಹೋಗಿ, ಕಣ್ಣು ಮುಚ್ಚಿ ಕೇಳಿ ಅಂತ ಹೇಳಿ ಗಟ್ಟಿಯಾಗಿ ಓದಿ. ಎಲ್ಲಿ ಅವರು ಕಣ್ಣು ತೆರೆದರೋ ಅಲ್ಲಿ ಒಂದು ಗುರುತು ಹಾಕಿಕೊಳ್ಳಿ. ಆ ಜಾಗವನ್ನು ಮತ್ತೆ ಬರೆಯಬೇಕು.